ಎಲ್ಲ ದಿಕ್ಕಿನಿಂದಲೂ ಒಂದೇ ಉಷ್ಣತೆ: ವಿಶ್ವ ಹಿನ್ನೆಲೆ ವಿಕಿರಣ ಕುರಿತ ಎರಡು ಪ್ರಶ್ನೆಗಳು

ಪ್ರಶ್ನೆ: ಮಹಾಸ್ಫೋಟದ ಕುರುಹು ಎನ್ನಲಾಗುವ ವಿಶ್ವ ಹಿನ್ನೆಲೆ ವಿಕಿರಣವು ಆಕಾಶದ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುತ್ತಿದೆ ಎಂದು ಓದಿದ್ದೇನೆ. ಸ್ಫೋಟ ಒಂದು ಜಾಗದಲ್ಲಿ ಆಗಿದ್ದರೆ ಅದರ ಬೆಳಕು ಆ ಕಡೆಯಿಂದ ಮಾತ್ರ ಬರಬೇಕಿತ್ತಲ್ಲವೇ? ಎಲ್ಲ ಕಡೆಯಿಂದಲೂ ಬರುತ್ತಿದೆ ಎಂದರೆ ವಿಶ್ವದ ನಟ್ಟನಡುವೆ ನಾವೇ ಇದ್ದೇವೆ ಎಂದು ತಿಳಿಯಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ಹಾಗೆ ತಿಳಿಯಬೇಕಾಗಿಲ್ಲ. ಖಾಲಿ ಅವಕಾಶವೊಂದು (ಸ್ಪೇಸ್) ಮೊದಲೇ ಇತ್ತು, ಅದರ ಯಾವುದೋ ಒಂದು ಬಿಂದುವಿನಲ್ಲಿ ದ್ರವ್ಯ ಸಿಡಿದು ಸುತ್ತಲೂ ಹರಡಿತು ಎಂಬ ಕಲ್ಪನೆ ನಿಮ್ಮ ಪ್ರಶ್ನೆಯ ಹಿಂದಿದೆ. ವಿಶ್ವವಿಜ್ಞಾನ ಹೇಳುವುದು ಬೇರೆ. ಹಿಗ್ಗುತ್ತಿರುವುದು ಅವಕಾಶವೇ, ಆರಂಭದ ಬಿಸಿ ಮತ್ತು ದಟ್ಟ ಸ್ಥಿತಿ ಎಲ್ಲೆಡೆಯೂ ಇತ್ತು. ಈಗ ನಮ್ಮ ಸೌರವ್ಯೂಹ ಇರುವ ಕಡೆಯೂ ಇತ್ತು, ಆಂಡ್ರೊಮಿಡಾ ಗೆಲಾಕ್ಸಿ ಇರುವ ಕಡೆಯೂ ಇತ್ತು. ಆದ್ದರಿಂದ ಬೆರಳು ಮಾಡಿ ತೋರಿಸಬಹುದಾದ ನಡುಬಿಂದು ಎಂಬುದೊಂದಿಲ್ಲ.

ವಿಶ್ವ ಹುಟ್ಟಿ ಸುಮಾರು 3,80,000 ವರ್ಷ ಆಗುವವರೆಗೂ ಅದರಲ್ಲಿದ್ದ ಇಲೆಕ್ಟ್ರಾನುಗಳು ಪರಮಾಣುಗಳಲ್ಲಿ ಸೆರೆಯಾಗದೆ ಬಿಡಿಬಿಡಿಯಾಗಿದ್ದವು. ಬೆಳಕು ಹೆಜ್ಜೆಹೆಜ್ಜೆಗೂ ಅವುಗಳಿಗೆ ತಾಗಿ ಚದುರುತ್ತಿದ್ದುದರಿಂದ, ದಟ್ಟ ಮಂಜಿನೊಳಗೆ ಆಗುವಂತೆ, ದೂರ ಸಾಗಲು ಅದಕ್ಕೆ ಸಾಧ್ಯವಿರಲಿಲ್ಲ. ಉಷ್ಣತೆ (ಸಾಧ್ಯವಾದ ಅತಿ ಕಡಿಮೆ ಉಷ್ಣತೆಯನ್ನು ಸೊನ್ನೆಯಾಗಿಟ್ಟುಕೊಂಡ ಕೆಲ್ವಿನ್ ಮಾನದಲ್ಲಿ) ಸುಮಾರು 3,000 ಕೆಲ್ವಿನ್‌ಗೆ ಇಳಿದಾಗ ಇಲೆಕ್ಟ್ರಾನು ಮತ್ತು ಪ್ರೋಟಾನುಗಳು ಕೂಡಿ ಜಲಜನಕದ ಪರಮಾಣುಗಳಾದವು, ಬೆಳಕಿನ ದಾರಿ ತೆರೆಯಿತು. ಇದು ವಿಶ್ವದ ಎಲ್ಲ ಭಾಗಗಳಲ್ಲೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ನಡೆಯಿತು. ಅಂದು ನಮ್ಮ ಜಾಗದಿಂದ ಹೊರಟ ಬೆಳಕು ಎಂದೋ ದೂರ ಸಾಗಿಹೋಗಿದೆ. ಇಂದು ನಮ್ಮನ್ನು ತಲಪುತ್ತಿರುವುದು, ಇಲ್ಲಿಗೆ ಬರಲು ಸುಮಾರು 1,380 ಕೋಟಿ ವರ್ಷ ಬೇಕಾಗುವಷ್ಟು ದೂರದಿಂದ ಹೊರಟ ಬೆಳಕು. ಅಷ್ಟು ದೂರದ ಜಾಗಗಳು ನಮ್ಮ ಸುತ್ತ ಎಲ್ಲ ದಿಕ್ಕುಗಳಲ್ಲೂ ಇರುವುದರಿಂದ ಬೆಳಕೂ ಎಲ್ಲ ದಿಕ್ಕುಗಳಿಂದ ಬರುತ್ತದೆ. ಬೇರೊಂದು ಗೆಲಾಕ್ಸಿಯಲ್ಲಿ ಇರುವವರಿಗೂ ತಮ್ಮ ಸುತ್ತ ಇಂಥದೇ ಗೋಳ ಕಾಣುತ್ತದೆ. ದಾರಿಯುದ್ದಕ್ಕೂ ಅವಕಾಶ ಸುಮಾರು 1,100 ಪಟ್ಟು ಹಿಗ್ಗಿರುವುದರಿಂದ ಆ ಬೆಳಕಿನ ತರಂಗದೂರವೂ ಅಷ್ಟೇ ಪಟ್ಟು ಉದ್ದವಾಗಿ ಮೈಕ್ರೋವೇವ್ ಆಗಿದೆ, ಅದರ ಉಷ್ಣತೆ 2.725 ಕೆಲ್ವಿನ್‌ಗೆ ಇಳಿದಿದೆ.

ಈ ವಿಕಿರಣ ಪತ್ತೆಯಾದದ್ದೂ ಅದರ ಸಮತೆಯಿಂದಲೇ. ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಬೆಲ್ ಪ್ರಯೋಗಾಲಯದ ಆರ್ನೊ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ 1964ರಲ್ಲಿ ಕೊಂಬಿನಾಕಾರದ ಆ್ಯಂಟೆನಾ ಒಂದನ್ನು ಪರೀಕ್ಷಿಸುತ್ತಿದ್ದಾಗ, 7.35 ಸೆಂಟಿಮೀಟರ್ ತರಂಗದೂರದಲ್ಲಿ ಸುಮಾರು 3.5 ಕೆಲ್ವಿನ್‌ನಷ್ಟು ಹೆಚ್ಚುವರಿ ರೇಡಿಯೊ ಗದ್ದಲ ಸಿಕ್ಕಿತು. ಆ್ಯಂಟೆನಾವನ್ನು ಯಾವ ಕಡೆ ತಿರುಗಿಸಿದರೂ, ಋತು ಬದಲಾದರೂ ಅದು ಬದಲಾಗಲಿಲ್ಲ. ಸೂರ್ಯನಿಂದಲೋ ಆಕಾಶಗಂಗೆಯಿಂದಲೋ ಬಂದಿದ್ದರೆ ಬದಲಾಗಲೇಬೇಕಿತ್ತು. ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ 1948ರಲ್ಲೇ, ಆರಂಭದ ಬಿಸಿಯಿಂದ ಉಳಿದ ಸುಮಾರು 5 ಕೆಲ್ವಿನ್ ಉಷ್ಣತೆ ಇಂದಿಗೂ ವಿಶ್ವದಲ್ಲಿರಬೇಕೆಂದು ಲೆಕ್ಕಹಾಕಿದ್ದರು. ಪೆನ್ಜಿಯಾಸ್ ಮತ್ತು ವಿಲ್ಸನ್‌ಗೆ 1978ರಲ್ಲಿ ನೊಬೆಲ್ ಬಂತು. ಈ ಪತ್ತೆಗಿಂತ ಹದಿನಾರು ವರ್ಷ ಮೊದಲೇ ಲೆಕ್ಕ ಕೊಟ್ಟಿದ್ದ ಆ ಇಬ್ಬರಿಗೆ ಬರಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ ಎಂಬುದು ನನ್ನ ಭಾವನೆ.

ಇದು ನಮ್ಮ ಆಸುಪಾಸಿನದೇ ಯಾವುದೋ ವಿಕಿರಣವಾಗಿರಬಹುದಲ್ಲ ಎಂಬ ಸಂದೇಹಕ್ಕೂ ಅಳತೆಯ ಮೂಲಕವೇ ಉತ್ತರ ದೊರೆತಿದೆ. ಪುಣೆಯ ಖಗೋಳವಿಜ್ಞಾನ ಸಂಸ್ಥೆ ಐಯುಕಾದ ಆರ್. ಶ್ರೀಆನಂದ್ ಮತ್ತು ಅವರ ಫ್ರೆಂಚ್ ಸಹೋದ್ಯೋಗಿಗಳು, ವಿಶ್ವ ಈಗಿನ ಗಾತ್ರದ ಮೂರನೇ ಒಂದು ಭಾಗಕ್ಕಿಂತಲೂ ಚಿಕ್ಕದಾಗಿದ್ದ ಕಾಲದ ಅನಿಲಮೋಡವೊಂದರ ಇಂಗಾಲದ ಪರಮಾಣುಗಳನ್ನು ಅಭ್ಯಸಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ, ಆ ಕಾಲಕ್ಕೆ, ಹಿನ್ನೆಲೆ ವಿಕಿರಣದ ಉಷ್ಣತೆ 6ರಿಂದ 14 ಕೆಲ್ವಿನ್ ನಡುವೆ ಇತ್ತು. ಹಿಗ್ಗುವ ವಿಶ್ವದ ಸಿದ್ಧಾಂತದಂತೆ 9 ಕೆಲ್ವಿನ್ ಇರಬೇಕಿತ್ತು. ಅಂದರೆ ಈ ವಿಕಿರಣ ದೂರದ ವಿಶ್ವದಲ್ಲೂ ಇದೆ, ಮತ್ತು ಹಿಂದೆ ಹೋದಷ್ಟೂ ಬಿಸಿಯಾಗಿತ್ತು.

ಇಷ್ಟಾದರೂ ನಿಜವಾದ ತೊಡಕು ಉಳಿದೇ ಇದೆ. ಎಲ್ಲ ದಿಕ್ಕಿನಿಂದ ಬೆಳಕು ಬರುವುದೇನೋ ಸರಿ, ಎಲ್ಲ ದಿಕ್ಕಿನಲ್ಲೂ ಉಷ್ಣತೆ ಒಂದೇ ಏಕೆ? ಎರಡು ವಸ್ತುಗಳ ಉಷ್ಣತೆ ಸಮನಾಗಬೇಕಾದರೆ ಅವುಗಳ ನಡುವೆ ಶಾಖದ ವಿನಿಮಯ ಆಗಿರಬೇಕು, ಆ ವಿನಿಮಯ ಬೆಳಕಿಗಿಂತ ವೇಗವಾಗಿ ನಡೆಯಲಾರದು. ಬೆಳಕು ಬಿಡುಗಡೆಯಾಗುವ ಹೊತ್ತಿಗೆ ಪರಸ್ಪರ ಸಂಪರ್ಕಕ್ಕೆ ಬಂದಿರಬಹುದಾದ ಪ್ರದೇಶದ ಅಳತೆ, ಸಾಮಾನ್ಯ ಹಿಗ್ಗುವಿಕೆಯ ಲೆಕ್ಕದಲ್ಲಿ, ಇಂದಿನ ನಮ್ಮ ಆಕಾಶದಲ್ಲಿ ಒಂದೆರಡು ಡಿಗ್ರಿ ಮಾತ್ರ. ಪೂರ್ಣಚಂದ್ರನ ಅಗಲವೇ ಅರ್ಧ ಡಿಗ್ರಿ ಇದೆ. ಹಾಗಿರುವಾಗ ಆಕಾಶದ ಎದುರುಬದುರು ತುದಿಗಳು, ಒಂದನ್ನೊಂದು ಮುಟ್ಟುವ ಸಾಧ್ಯತೆಯೇ ಇಲ್ಲದೆ, ಒಂದು ಲಕ್ಷದಲ್ಲಿ ಒಂದು ಪಾಲಿನಷ್ಟು ನಿಖರವಾಗಿ ಸಮನಾದದ್ದು ಹೇಗೆ? ಹಿಗ್ಗುವಿಕೆ ಈ ಸಮತೆಯನ್ನು ವಿವರಿಸುವುದಿಲ್ಲ, ಅದನ್ನು ಒಗಟಾಗಿಸುತ್ತದೆ. ಜನಪ್ರಿಯ ಬರಹಗಳು ಈ ಮಾತನ್ನು ಆಗಾಗ ಹಾರಿಸಿಬಿಡುತ್ತವೆ.

ಅಮೆರಿಕದ ಆ್ಯಲನ್ ಗೂತ್ 1981ರಲ್ಲಿ ಪ್ರಕಟಿಸಿದ ಇನ್‌ಫ್ಲೇಶನ್ ಎಂಬ ಕಲ್ಪನೆ ಇದಕ್ಕೊಂದು ಉತ್ತರ ಕೊಡುತ್ತದೆ. ಮೊದಲ ಸೆಕೆಂಡಿನ ಅತಿ ಚಿಕ್ಕ ಅಂಶದಲ್ಲಿ ವಿಶ್ವ ಊಹೆಗೆ ನಿಲುಕದಷ್ಟು ರಭಸದಿಂದ ಹಿಗ್ಗಿದ್ದರೆ, ನಾವಿಂದು ಕಾಣುವ ವಿಶ್ವವೆಲ್ಲ ಅದಕ್ಕೂ ಮೊದಲು ಒಂದೇ ಪುಟ್ಟ ಪ್ರದೇಶವಾಗಿದ್ದು, ಆಗಲೇ ಸಮವಾಗಿರಲು ಸಾಧ್ಯ. ಇದೇ ಹಿಗ್ಗುವಿಕೆ ಕ್ವಾಂಟಂ ಮಟ್ಟದ (ಪರಮಾಣುವಿಗಿಂತಲೂ ಸೂಕ್ಷ್ಮವಾದ) ಏರಿಳಿತಗಳನ್ನೂ ಹಿಗ್ಗಿಸಿತು ಎಂಬುದು ಸಿದ್ಧಾಂತದ ಇನ್ನೊಂದು ಭಾಗ. ಈ ವಿಕಿರಣವನ್ನು ಅಳೆದ ಕೋಬ್ ಉಪಗ್ರಹದ ದತ್ತಾಂಶದಿಂದ 1992ರಲ್ಲಿ ಬೆಳಕಿಗೆ ಬಂದ, ಮುಂದೆ ಡಬ್ಲ್ಯುಮ್ಯಾಪ್ ಮತ್ತು ಪ್ಲಾಂಕ್ ವ್ಯೋಮನೌಕೆಗಳು ಇನ್ನಷ್ಟು ಸೂಕ್ಷ್ಮವಾಗಿ ನಕ್ಷೆ ಮಾಡಿದ ಆ ಲಕ್ಷದಲ್ಲೊಂದು ಪಾಲಿನ ವ್ಯತ್ಯಾಸಗಳು ಅಂಥ ಏರಿಳಿತಗಳ ಲಕ್ಷಣಕ್ಕೆ ಚೆನ್ನಾಗಿ ಹೊಂದುತ್ತವೆ. ಆ ವ್ಯತ್ಯಾಸಗಳೂ ಇಲ್ಲದಿದ್ದರೆ ದ್ರವ್ಯ ಒಂದೆಡೆ ಕೂಡಿಕೊಳ್ಳಲು ಕಾರಣವೇ ಇರುತ್ತಿರಲಿಲ್ಲ, ಗೆಲಾಕ್ಸಿಗಳು ಹುಟ್ಟುತ್ತಿರಲಿಲ್ಲ.

ಆದರೂ ಇನ್‌ಫ್ಲೇಶನ್ ಅನ್ನು ಸಾಬೀತಾದ ಸಂಗತಿ ಎಂದು ವಿದ್ಯಾರ್ಥಿಗಳಿಗೆ ಹೇಳಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದು ಉಳಿಸಿರಬೇಕಾದ ಗುರುತ್ವ ತರಂಗಗಳ (ಅವಕಾಶದಲ್ಲೇ ಏಳುವ ಅಲೆಗಳ) ಗುರುತು ಸಿಕ್ಕಿತೆಂದು 2014ರಲ್ಲಿ ದಕ್ಷಿಣ ಧ್ರುವದ ದೂರದರ್ಶಕ ಬೈಸೆಪ್2ರ ತಂಡ ಘೋಷಿಸಿತು. ಮರುವರ್ಷ ಪ್ಲಾಂಕ್ ತಂಡದೊಂದಿಗೆ ಸೇರಿ ನಡೆಸಿದ ವಿಶ್ಲೇಷಣೆಯಲ್ಲಿ, ಆ ಸಂಕೇತಕ್ಕೆ ನಮ್ಮದೇ ಆಕಾಶಗಂಗೆಯ ಧೂಳು ಬಹುಪಾಲು ಕಾರಣವೆಂದು ತಿಳಿಯಿತು.

ಪ್ರಶ್ನೆ: ವಿಕಿರಣ ಎಲ್ಲೆಡೆ ಸಮವಾಗಿದ್ದರೆ, ಅದರ ನಡುವೆ ಚಲಿಸುತ್ತಿರುವ ಭೂಮಿಗೆ ಮುಂದಿನ ದಿಕ್ಕು ಸ್ವಲ್ಪ ಬಿಸಿಯಾಗಿ, ಹಿಂದಿನ ದಿಕ್ಕು ತಂಪಾಗಿ ಕಾಣಬೇಡವೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಾಣಬೇಕು, ಕಾಣುತ್ತದೆ ಕೂಡ. ಸಿಂಹರಾಶಿಯ ಕಡೆಗೆ ಉಷ್ಣತೆ ಸರಾಸರಿಗಿಂತ ಸುಮಾರು 3.36 ಮಿಲಿಕೆಲ್ವಿನ್ ಹೆಚ್ಚು, ನೇರ ವಿರುದ್ಧ ದಿಕ್ಕಿನಲ್ಲಿ ಅಷ್ಟೇ ಕಡಿಮೆ. ಇದನ್ನು ಡಾಪ್ಲರ್ ಪರಿಣಾಮವೆಂದು (ಚಲನೆಯಿಂದ ತರಂಗದೂರ ಬದಲಾಗಿ ಕಾಣುವುದು) ತೆಗೆದುಕೊಂಡರೆ ಸೌರವ್ಯೂಹ ಈ ವಿಕಿರಣಕ್ಕೆ ಸಾಪೇಕ್ಷವಾಗಿ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದಾಗುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ಲಕ್ಷದಲ್ಲೊಂದು ಪಾಲಿನ ಸಮತೆ, ಈ ಚಲನೆಯ ಪರಿಣಾಮವನ್ನು ಕಳೆದ ಮೇಲಿನ ಲೆಕ್ಕ.

ಹೀಗೆ ಕಳೆಯುವುದು ಸರಿಯೇ ಎಂದು ಬೇರೊಂದು ದಾರಿಯಲ್ಲೂ ಪರೀಕ್ಷಿಸಬಹುದು. ನಮ್ಮ ಚಲನೆ ನಿಜವಾಗಿ ಅಷ್ಟೇ ಆಗಿದ್ದರೆ, ದೂರದ ಕ್ವೇಸಾರುಗಳ (ಅತಿ ಪ್ರಕಾಶಮಾನವಾದ ಗೆಲಾಕ್ಸಿ ಕೇಂದ್ರಗಳ) ಎಣಿಕೆ ಸಹ ಮುಂದಿನ ದಿಕ್ಕಿನಲ್ಲಿ ಅದಕ್ಕೆ ತಕ್ಕಷ್ಟೇ ಹೆಚ್ಚಾಗಿರಬೇಕು. ಸುಮಾರು 13.6 ಲಕ್ಷ ಕ್ವೇಸಾರುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿಕ್ಕು ಹೆಚ್ಚುಕಡಿಮೆ ಹೊಂದಿತು, ಪ್ರಮಾಣ ಮಾತ್ರ ನಿರೀಕ್ಷೆಯ ಎರಡು ಪಟ್ಟಿಗಿಂತಲೂ ಹೆಚ್ಚು ಬಂತು. ಎಣಿಕೆಯ ವಿಧಾನದಲ್ಲೇ ದೋಷವಿದೆಯೇ, ಅಥವಾ ಬಹುದೊಡ್ಡ ಅಳತೆಯಲ್ಲಿ ದ್ರವ್ಯದ ಹಂಚಿಕೆ ನಾವು ಎಣಿಸಿದಷ್ಟು ಸಮವಾಗಿಲ್ಲವೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆಯುತ್ತಿದೆ.