ಬಜ್ಪೆಯಿಂದ ಅಗತ್ತಿಗೆ ಎಷ್ಟು ದೂರ?

ಪ್ರಶ್ನೆ: ಭೂಪಟದಲ್ಲಿ ಲಕ್ಷದ್ವೀಪದ ಅಗತ್ತಿ ನಮ್ಮ ಕರಾವಳಿಗೆ ಹತ್ತಿರವೇ ಕಾಣುತ್ತದೆ. ಮಂಗಳೂರು ವಿಮಾನ ನಿಲ್ದಾಣದಿಂದ ನೇರ ದೂರ ಎಷ್ಟು? ಹಾರಾಟದ ಹೊತ್ತನ್ನು ಲೆಕ್ಕ ಹಾಕುವುದು ಹೇಗೆ?
- ಓದುಗರು, ಮಲ್ಪೆ

ಉತ್ತರ: ಸುಮಾರು 380 ಕಿ.ಮೀ. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆ 12.96 ಉತ್ತರ, 74.89 ಪೂರ್ವದಲ್ಲಿ, ಅಗತ್ತಿ 10.82 ಉತ್ತರ, 72.18 ಪೂರ್ವದಲ್ಲಿ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ., ಹಾಗಾಗಿ ಅಕ್ಷಾಂಶದ ವ್ಯತ್ಯಾಸ 2.14 ಡಿಗ್ರಿಯನ್ನು 111ರಿಂದ ಗುಣಿಸಿದರೆ 238 ಕಿ.ಮೀ. ರೇಖಾಂಶದ 2.71 ಡಿಗ್ರಿಯನ್ನು 111ರಿಂದ ಗುಣಿಸಿ, ಮತ್ತೆ ಅಕ್ಷಾಂಶದ ಕೊಸೈನ್ 0.98ರಿಂದ ಗುಣಿಸಬೇಕು (ಧ್ರುವದತ್ತ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ): 295 ಕಿ.ಮೀ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ. ಹೆಚ್ಚಿನವರು ಕೊಸೈನ್ ಮರೆಯುತ್ತಾರೆ. ನಮ್ಮಲ್ಲಿ ತಪ್ಪು ಶೇ. 2ರಷ್ಟೇ, ಆದರೆ 34 ಡಿಗ್ರಿಯ ಲೇಹ್‌ನಲ್ಲಿ ಪೂರ್ವ-ಪಶ್ಚಿಮ ದೂರ ಶೇ. 20ರಷ್ಟು ಹಿಗ್ಗಿಬಿಡುತ್ತದೆ.

ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಮಾತ್ರ. ಬಜ್ಪೆಗೆ ಬರುವ ದೊಡ್ಡ ಜೆಟ್‌ಗಳಿಗೆ ಅದು ಸಾಲದು. ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನವೇ ಬೇಕು. ಗಂಟೆಗೆ 500 ಕಿ.ಮೀ. ಎಂದರೆ 46 ನಿಮಿಷ. ಮೇಲೇರಲು, ಇಳಿಯಲು, ನೆಲದ ಮೇಲೆ ಸಾಗಲು ಇನ್ನೂ 20-25 ನಿಮಿಷ ಸೇರಿಸಿ. ಮಳೆಗಾಲದಲ್ಲಿ ಪಶ್ಚಿಮದಿಂದ ಗಂಟೆಗೆ 40 ಕಿ.ಮೀ. ಎದುರುಗಾಳಿ ಬೀಸಿದರೆ ಹೋಗುವಾಗ ನಾಲ್ಕೈದು ನಿಮಿಷ ಹೆಚ್ಚು.

ಇದೆಲ್ಲ ಕಾಗದದ ಲೆಕ್ಕ. ರೂಢಿಯ ದಾರಿ ಕೊಚ್ಚಿಯ ಮೂಲಕ: ಬಜ್ಪೆಯಿಂದ ಕೊಚ್ಚಿಗೆ 350, ಅಲ್ಲಿಂದ ಅಗತ್ತಿಗೆ 465, ಒಟ್ಟು ಸುಮಾರು 815 ಕಿ.ಮೀ. ಕೊಚ್ಚಿಯಲ್ಲಿ ಕಾಯುವ ಹೊತ್ತೇ ಹಾರುವ ಹೊತ್ತನ್ನು ಮೀರಬಹುದು. ಟಿಕೆಟ್‌ಗಿಂತ ಮೊದಲು ಲಕ್ಷದ್ವೀಪದ ಪ್ರವೇಶ ಪರವಾನಗಿ ನೋಡಿಕೊಳ್ಳಿ.