ಡೆಕಾರ್ಡ್ ಯಾರು ಅಂತ ನೀವೇ ಹೇಳಬೇಕು

ಶಿಡ್ಲಘಟ್ಟದ ಗೆಳೆಯರಿಗೆ ನಮಸ್ಕಾರ.

ನೀವು ಕಳಿಸಿದ ‘ಡೆಕಾರ್ಡ್: ಮನುಷ್ಯನೋ, ಯಂತ್ರವೋ?’ ಲೇಖನ ಓದಿದೆ. ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ತುಮಕೂರಿನಿಂದ ಎರಡು ಸಾಲಿನ ವಿಷಾದದ ಕಾಗದ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಬರಹದಲ್ಲಿ ಜೀವ ಇದೆ. ಅದಕ್ಕೇ ಸ್ವಲ್ಪ ಉದ್ದವಾಗಿ, ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ನೀವು ಹೇಳಿರುವುದು ಇಷ್ಟು. 1982ರ ‘ಬ್ಲೇಡ್ ರನ್ನರ್’ ಸಿನಿಮಾದಲ್ಲಿ ಹ್ಯಾರಿಸನ್ ಫೋರ್ಡ್ ಮಾಡಿದ ಪಾತ್ರದ ಹೆಸರು ರಿಕ್ ಡೆಕಾರ್ಡ್. ತಪ್ಪಿಸಿಕೊಂಡು ಭೂಮಿಗೆ ಬಂದ ರೆಪ್ಲಿಕಂಟ್‌ಗಳನ್ನು ಹುಡುಕಿ ಕೊಲ್ಲುವುದು ಅವನ ಕೆಲಸ. ರೆಪ್ಲಿಕಂಟ್ ಅಂದರೆ ಜೀತಕ್ಕೆ ದುಡಿಸಲು ಮನುಷ್ಯರ ಹಾಗೇ ತಯಾರಿಸಿದ ಕೃತಕ ಜೀವಿ. ಕೊಲ್ಲುವವನೇ ರೆಪ್ಲಿಕಂಟ್ ಆಗಿದ್ದರೆ? ಹೌದು ಅನ್ನುವುದಕ್ಕೆ ಏಳು ಸಾಕ್ಷಿ, ಅಲ್ಲ ಅನ್ನುವುದಕ್ಕೆ ಆರು ಸಾಕ್ಷಿ ಕೊಟ್ಟಿದ್ದೀರಿ. ಹನ್ನೊಂದನೇ ಪುಟದಲ್ಲಿ ‘ತೀರ್ಮಾನ ಓದುಗರಿಗೆ ಬಿಟ್ಟದ್ದು’ ಅಂತ ಮುಗಿಸಿದ್ದೀರಿ.

ನನ್ನ ದೊಡ್ಡ ತಕರಾರು ಇದೇ. ಓದುಗರಿಗೇ ಬಿಡುವುದಾದರೆ ಹನ್ನೊಂದು ಪುಟ ಯಾಕೆ ಬೇಕಿತ್ತು? ಬೇತಾಳ ಪ್ರತಿ ಕಥೆಯ ಕೊನೆಗೆ ವಿಕ್ರಮನಿಗೆ ಏನು ಹೇಳುತ್ತದೆ, ನೆನಪಿದೆಯಲ್ವಾ? ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳಾಗುತ್ತದೆ. ಬಾಯಿಬಿಟ್ಟರೆ ಹೆಣ ಹೆಗಲಿಂದ ಹಾರಿ ಮತ್ತೆ ಮರ ಸೇರುತ್ತದೆ ಅಂತ ವಿಕ್ರಮನಿಗೆ ಗೊತ್ತು. ಆದರೂ ಅವನು ಬಾಯಿಬಿಡುತ್ತಾನೆ. ನಿಮಗೆ ಹೆಣವೂ ಹೆಗಲ ಮೇಲೇ ಇರಬೇಕು, ತಲೆಯೂ ಉಳಿಯಬೇಕು. ಹಾಗಾಗುವುದಿಲ್ಲ.

ಈಗ ಸಾಕ್ಷಿಗಳ ವಿಚಾರ. ನೀವು ನೋಡಿದ್ದು ಯಾವ ‘ಬ್ಲೇಡ್ ರನ್ನರ್’? ಲೇಖನದಲ್ಲಿ ಎಲ್ಲೂ ಹೇಳಿಲ್ಲ. ಈ ಸಿನಿಮಾ ಒಂದಲ್ಲ. 1982ರಲ್ಲಿ ಥಿಯೇಟರಿಗೆ ಬಂದದ್ದರಲ್ಲಿ ಡೆಕಾರ್ಡ್‌ನ ದನಿಯಲ್ಲಿ ನಿರೂಪಣೆ ಇತ್ತು. ಕೊನೆಗೆ ನಾಯಕ, ನಾಯಕಿ ಹಸಿರು ಬೆಟ್ಟಗಳ ನಡುವೆ ಕಾರಿನಲ್ಲಿ ಹೋಗುವ ಸುಖಾಂತ್ಯವೂ ಇತ್ತು. 1992ರಲ್ಲಿ ಬಂದ ‘ಡೈರೆಕ್ಟರ್ಸ್ ಕಟ್’ನಲ್ಲಿ ಎರಡೂ ಹೋದವು, ಒಂದು ಕನಸು ಸೇರಿತು. 2007ರ ‘ಫೈನಲ್ ಕಟ್’ ನಿರ್ದೇಶಕ ರಿಡ್ಲಿ ಸ್ಕಾಟ್ ಪೂರ್ತಿ ತನ್ನ ಹಿಡಿತದಲ್ಲಿ ಇಟ್ಟುಕೊಂಡು ಮಾಡಿದ್ದು. ನೀವು ಮೂರನ್ನೂ ಕಲಸಿಬಿಟ್ಟಿದ್ದೀರಿ. ನಿರೂಪಣೆಯ ಮಾತು ಒಂದರಿಂದ, ಕನಸು ಇನ್ನೊಂದರಿಂದ ತಂದು ಒಂದೇ ವಾದದಲ್ಲಿ ಕೂರಿಸಿದ್ದೀರಿ.

ಇದು ಎಷ್ಟು ಮುಖ್ಯ ಅನ್ನುವುದಕ್ಕೆ ನಿಮ್ಮ ಮೊದಲ ಸಾಕ್ಷಿಯನ್ನೇ ನೋಡಿ. ಪೊಲೀಸ್ ಗಾಫ್ ಕಾಗದ ಮಡಚಿ ಮಾಡಿದ ಯೂನಿಕಾರ್ನ್, ಅಂದರೆ ಒಂಟಿಕೊಂಬಿನ ಕುದುರೆ. ಕೊನೆಯಲ್ಲಿ ಡೆಕಾರ್ಡ್ ಮನೆ ಬಿಟ್ಟು ಹೊರಡುವಾಗ ಅದು ನೆಲದ ಮೇಲೆ ಬಿದ್ದಿರುತ್ತದೆ. 1982ರ ಸಿನಿಮಾದಲ್ಲೂ ಇದು ಇದೆ. ಅಲ್ಲಿ ಅದರ ಅರ್ಥ ಸರಳ: ಗಾಫ್ ಇಲ್ಲಿಗೆ ಬಂದಿದ್ದ, ಡೆಕಾರ್ಡ್ ಪ್ರೀತಿಸುವ ರೆಪ್ಲಿಕಂಟ್ ರೇಚಲ್‌ಳನ್ನು ನೋಡಿಯೂ ಕೊಲ್ಲದೆ ಹೋದ. 1992ರಲ್ಲಿ ಪಿಯಾನೋ ಮುಂದೆ ಕುಳಿತ ಡೆಕಾರ್ಡ್‌ಗೆ ಕಾಡಿನಲ್ಲಿ ಓಡುವ ಯೂನಿಕಾರ್ನ್ ಕಾಣಿಸುವ ಹಾಗೆ ಮಾಡಿದರು. ಅಷ್ಟೇ ಸೇರಿಸಿದ್ದು. ಅದೇ ಕಾಗದದ ಚೂರು ಈಗ ಬೇರೆ ಮಾತಾಡತೊಡಗಿತು. ಅವನ ಕನಸು ಗಾಫ್‌ಗೆ ಹೇಗೆ ಗೊತ್ತು? ಇದಕ್ಕೂ ಮುಂಚೆ ಡೆಕಾರ್ಡ್ ರೇಚಲ್‌ಗೆ ಅವಳ ಬಾಲ್ಯದ ನೆನಪನ್ನು ತಾನೇ ಬಿಡಿಸಿ ಹೇಳಿರುತ್ತಾನೆ. ಕಿಟಕಿಯ ಹೊರಗಿನ ಪೊದೆಯಲ್ಲಿ ಒಂದು ಜೇಡ, ಕಿತ್ತಳೆ ಬಣ್ಣದ ಮೈ, ಹಸಿರು ಕಾಲು, ಮೊಟ್ಟೆಯೊಡೆದು ಬಂದ ಮರಿಗಳು ತಾಯಿಯನ್ನೇ ತಿಂದದ್ದು. ಅವಳು ಯಾರಿಗೂ ಹೇಳದ ನೆನಪು ಅವನಿಗೆ ಗೊತ್ತಿತ್ತು, ಯಾಕೆಂದರೆ ಅದು ರೆಪ್ಲಿಕಂಟ್ ತಯಾರಿಸುವ ಕಂಪನಿಯ ಒಡೆಯ ಟೈರೆಲ್‌ನ ಸೋದರ ಸೊಸೆಯ ನೆನಪು, ರೇಚಲ್‌ಳ ತಲೆಗೆ ತುಂಬಿದ್ದು. ಡೆಕಾರ್ಡ್ ಅವಳಿಗೆ ಮಾಡಿದ್ದನ್ನೇ ಗಾಫ್ ಅವನಿಗೆ ಮಾಡಿದ. ಜೇಡವನ್ನೂ ಯೂನಿಕಾರ್ನನ್ನೂ ಪಕ್ಕಪಕ್ಕ ಇಟ್ಟಿದ್ದರೆ ನಿಮ್ಮ ವಾದ ನಿಲ್ಲುತ್ತಿತ್ತು. ನೀವು ಜೇಡವನ್ನು ಬಿಟ್ಟೇಬಿಟ್ಟಿದ್ದೀರಿ.

ಮೂರನೇ ಸಾಕ್ಷಿ ತೆಗೆದುಹಾಕಿ. ಆರು ರೆಪ್ಲಿಕಂಟ್ ತಪ್ಪಿಸಿಕೊಂಡವು, ಒಂದು ಸತ್ತಿತು, ಸಿನಿಮಾದಲ್ಲಿ ಕಾಣುವುದು ನಾಲ್ಕು, ಹಾಗಾದರೆ ಉಳಿದವನೇ ಡೆಕಾರ್ಡ್ ಅಂದಿದ್ದೀರಿ. ಚಿತ್ರಕಥೆಯಲ್ಲಿ ಮೇರಿ ಅನ್ನುವ ಇನ್ನೊಬ್ಬಳು ಇದ್ದಳು. ಆ ಪಾತ್ರ ಕೈಬಿಟ್ಟರು, ಲೆಕ್ಕ ತಿದ್ದಲು ಮರೆತರು. 2007ರಲ್ಲಿ ಸತ್ತದ್ದು ಎರಡು ಅಂತ ಮಾತನ್ನೇ ಬದಲಾಯಿಸಿ ಸರಿಮಾಡಿದರು. ಕೂಡುವ ಕಳೆಯುವ ತಪ್ಪಿನ ಮೇಲೆ ಎರಡು ಪುಟ ಕಟ್ಟಿದ್ದೀರಿ. ರೆಪ್ಲಿಕಂಟ್‌ಗಳ ಹಾಗೆ ಡೆಕಾರ್ಡ್‌ನ ಕಣ್ಣೂ ಕೆಂಪಗೆ ಹೊಳೆಯುವ ಶಾಟ್ ಇರಲಿ, ಒಂದು ಸಾಲು ಸಾಕು. ಏಟು ತಿಂದು ನರಳುತ್ತಾನೆ ಆದ್ದರಿಂದ ಮನುಷ್ಯ ಅನ್ನುವುದಕ್ಕೂ ಒಂದೇ ಸಾಲು.

ನಿರ್ದೇಶಕ ಹೀಗಂದ, ನಟ ಹಾಗಂದ ಅನ್ನುವ ಭಾಗ ಪೂರ್ತಿ ಬೇಡ. ಡೆಕಾರ್ಡ್ ರೆಪ್ಲಿಕಂಟ್ ಅಂತ ಸ್ಕಾಟ್ ಹೇಳಿದ್ದು ನಿಜ. ನೋಡುವವರಿಗೆ ತಮ್ಮವನು ಅನ್ನಿಸುವ ಒಬ್ಬ ಮನುಷ್ಯ ಬೇಕು ಅಂತ ಫೋರ್ಡ್ ವರ್ಷಗಟ್ಟಲೆ ಪಟ್ಟು ಹಿಡಿದದ್ದೂ ನಿಜ. ಅದೇ ಫೋರ್ಡ್ 2023ರಲ್ಲಿ, ತಾನು ರೆಪ್ಲಿಕಂಟ್ ಅಂತ ಮೊದಲಿಂದ ಗೊತ್ತಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ ಅಂದುಬಿಟ್ಟ. ಇವರ ಮಾತು ನಂಬಿ ಕೂತರೆ ನಿಮ್ಮ ಲೇಖನ ವರ್ಷಕ್ಕೊಂದು ಸಲ ತಿದ್ದಬೇಕಾಗುತ್ತದೆ. 2017ರ ‘ಬ್ಲೇಡ್ ರನ್ನರ್ 2049’ ಕೂಡ ಗಂಟು ಬಿಚ್ಚಲಿಲ್ಲ. ತೆರೆಯ ಮೇಲೆ ಇರುವುದನ್ನು ನೋಡಿ ಬರೆಯಿರಿ.

ಇನ್ನೊಂದು. ನಿಮ್ಮ ಲೇಖನದ ತುಂಬ ರೋಬೋ, ವೈರು, ಚಿಪ್ಪು. ಈ ಸಿನಿಮಾದ ರೆಪ್ಲಿಕಂಟ್‌ಗಳ ಮೈಯಲ್ಲಿ ವೈರಿಲ್ಲ. ಅವರದ್ದು ಮಾಂಸ, ರಕ್ತವೇ. ಕಣ್ಣನ್ನು ಮಾತ್ರ ತಯಾರಿಸುವ ಮುದುಕನೊಬ್ಬ ಚಳಿ ಕೊಠಡಿಯಲ್ಲಿ ಕೂತು ಕೆಲಸ ಮಾಡುವುದನ್ನು ನೀವೇ ನೋಡಿದ್ದೀರಿ. ಕೊಯ್ದು ನೋಡಿದರೆ ಗೊತ್ತಾಗುವ ಹಾಗಿದ್ದಿದ್ದರೆ ರೆಪ್ಲಿಕಂಟ್ ಯಾರು ಅಂತ ಪತ್ತೆಮಾಡುವ ವಾಯ್ಟ್-ಕಾಂಪ್ಫ್ ಪರೀಕ್ಷೆಯೇ ಬೇಕಿರಲಿಲ್ಲ. ಪ್ರಶ್ನೆ ಕೇಳುವುದು, ಕಣ್ಣಿನ ಪಾಪೆ ಹಿಗ್ಗುತ್ತದಾ, ಕೆನ್ನೆ ಕೆಂಪಾಗುತ್ತದಾ ಅಂತ ಅಳೆಯುವುದು. ಮರುಭೂಮಿಯಲ್ಲಿ ಆಮೆ ಅಂಗಾತ ಬಿದ್ದಿದೆ, ನೀನು ತಿರುಗಿಸುತ್ತಿಲ್ಲ, ಯಾಕೆ? ಮಾಮೂಲಿ ರೆಪ್ಲಿಕಂಟ್ ಇಪ್ಪತ್ತು ಮೂವತ್ತು ಪ್ರಶ್ನೆಗೆ ಸಿಕ್ಕಿಬೀಳುತ್ತದೆ. ರೇಚಲ್‌ಗೆ ನೂರಕ್ಕೂ ಜಾಸ್ತಿ ಬೇಕಾಯಿತು.

ನಿಮ್ಮ ಒಂಬತ್ತನೇ ಪುಟದಲ್ಲಿ ಎರಡು ಸಾಲು ಇವೆ. ‘ನಮ್ಮಜ್ಜಿ ಫಿಲೇಚರ್‌ನಲ್ಲಿ ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನಿಂದ ಎಳೆ ತೆಗೆದು ಬೆರಳು ಸವೆಸಿಕೊಂಡವರು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಇಟ್ಟರೆ ಮಷೀನ್ ತಗೊಳ್ಳುವುದಿಲ್ಲ.’ ಅದಾದ ತಕ್ಷಣ ‘ಇಂದಿನ ಎಐ ಯುಗದಲ್ಲಿ’ ಅಂತ ಹಾರಿಬಿಟ್ಟಿದ್ದೀರಿ. ಅಯ್ಯೋ ಅನ್ನಿಸಿತು. ಎದುರಿಗೆ ನಿಂತ ಮನುಷ್ಯಳನ್ನು ಅಂಗಡಿಯವನು ಹೆಸರು ಹಿಡಿದು ಮಾತಾಡಿಸುತ್ತಾನೆ, ಅವಳ ಮನೆ ಅವನಿಗೆ ಗೊತ್ತು, ಆದರೂ ಅಕ್ಕಿ ಕೊಡುವ ಮೊದಲು ಮಷೀನಿನ ಮುಖ ನೋಡುತ್ತಾನೆ. ವಾಯ್ಟ್-ಕಾಂಪ್ಫ್ ಅಂದರೆ ಏನು ಅಂತ ಶಿಡ್ಲಘಟ್ಟದ ಓದುಗನಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುತ್ತೀರಿ? ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಇಟ್ಟರಾ? ಬೇರೆ ಬೆರಳು ಕೇಳಿದರಾ? ಹಿಂದೆ ನಿಂತವರು ಏನಂದರು? ಬರಿಗೈಯಲ್ಲಿ ಬಂದರಾ? ಅಷ್ಟನ್ನು ಬರೆಯಿರಿ. ಆದರೆ ಅಜ್ಜಿಯೇ ರೆಪ್ಲಿಕಂಟ್ ಅನ್ನುವ ಥರದ ಜಾಣತನ ಮಾತ್ರ ಬೇಡ, ಕೈಮುಗಿದು ಕೇಳುತ್ತೇನೆ. ಅವರನ್ನು ಕಂಬನಿ ತರಿಸಲೂ ಬಳಸಬೇಡಿ. ಯಂತ್ರದ ಈ ಕಡೆ ನಿಂತವರನ್ನು ಮಾತ್ರ ಅನುಮಾನಿಸುತ್ತಾರೆ, ಆ ಕಡೆ ಕೂತವನನ್ನು ಯಾರೂ ಕೇಳುವುದಿಲ್ಲ, ಇಷ್ಟನ್ನು ತೋರಿಸಲು ಅವರು ಲೇಖನಕ್ಕೆ ಬೇಕು.

ಯಾಕೆಂದರೆ ಸಿನಿಮಾದಲ್ಲೂ ಅದೇ ಆಗುವುದು. ಡೆಕಾರ್ಡ್‌ನನ್ನು ಕೊನೆಯವರೆಗೂ ಯಾರೂ ಪರೀಕ್ಷೆಗೆ ಕೂರಿಸುವುದಿಲ್ಲ. ‘ಆ ಪರೀಕ್ಷೆ ನೀನು ಯಾವತ್ತಾದರೂ ತಗೊಂಡಿದ್ದೀಯಾ?’ ಅಂತ ರೇಚಲ್ ಕೇಳುತ್ತಾಳೆ. ಅಷ್ಟು ಹೊತ್ತಿಗೆ ಅವನಿಗೆ ನಿದ್ದೆ ಬಂದಿರುತ್ತದೆ. ಫಿಲಿಪ್ ಕೆ. ಡಿಕ್ 1968ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಹಾಗಲ್ಲ. ಅಲ್ಲಿ ಡೆಕಾರ್ಡ್ ಯಂತ್ರವನ್ನು ತನ್ನ ಮೇಲೇ ಇಟ್ಟುಕೊಳ್ಳುತ್ತಾನೆ, ಹೆಣ್ಣು ಆಂಡ್ರಾಯ್ಡ್ (ಕಾದಂಬರಿಯಲ್ಲಿ ರೆಪ್ಲಿಕಂಟ್‌ಗೆ ಇದೇ ಹೆಸರು) ಸತ್ತರೆ ತನಗೆ ಮರುಕ ಹುಟ್ಟುತ್ತದೆ ಅಂತ ಮುಳ್ಳು ನೋಡಿ ತಿಳಿದುಕೊಳ್ಳುತ್ತಾನೆ. ಸಿನಿಮಾದವರು ಅದನ್ನು ಬಿಟ್ಟು ರೇಚಲ್ ಬಾಯಲ್ಲಿ ಒಂದು ಪ್ರಶ್ನೆ ಇಟ್ಟರು. ನಿಮ್ಮ ಹದಿಮೂರು ಸಾಕ್ಷಿಗಳಲ್ಲಿ ಈ ದೃಶ್ಯ ಇಲ್ಲ. ಕೆಂಪು ಕಣ್ಣಿಗೆ ಅರ್ಧ ಪುಟ ಇದೆ.

ಇನ್ನು ನಿಜವಾದ ಪ್ರಶ್ನೆ. ಅವನು ರೆಪ್ಲಿಕಂಟ್ ಆದರೆ ಸಿನಿಮಾ ಏನಾಗುತ್ತದೆ, ಮನುಷ್ಯ ಆದರೆ ಏನಾಗುತ್ತದೆ? ಮಾಳಿಗೆಯ ಮೇಲಿನ ದೃಶ್ಯ ತೆಗೆದುಕೊಳ್ಳಿ. ಮಳೆ ಸುರಿಯುತ್ತಿದೆ. ಡೆಕಾರ್ಡ್ ತೊಲೆ ಹಿಡಿದು ನೇತಾಡುತ್ತಿದ್ದಾನೆ. ಅವನು ತಪ್ಪಿಸಿಕೊಂಡ ರೆಪ್ಲಿಕಂಟ್‌ಗಳಲ್ಲಿ ಜೋರಾಳಿಗೆ ಬೆನ್ನಿಗೆ ಗುಂಡು ಹೊಡೆದಿದ್ದಾನೆ, ಪ್ರಿಸ್‌ಳನ್ನು ಕೊಂದಿದ್ದಾನೆ. ಅವರ ಮುಖಂಡ ರಾಯ್ ಬ್ಯಾಟಿಗೆ ಕೊಟ್ಟ ಆಯಸ್ಸು ನಾಲ್ಕೇ ವರ್ಷ, ಅದು ಮುಗಿಯುತ್ತಿದೆ. ಕೈ ಸೆಟೆಯಬಾರದು ಅಂತ ಅಂಗೈಗೆ ಮೊಳೆ ಚುಚ್ಚಿಕೊಂಡಿದ್ದಾನೆ. ಡೆಕಾರ್ಡ್‌ನ ಕೈ ಜಾರಿತು ಅನ್ನುವಾಗ ರಾಯ್ ಅವನ ಮಣಿಕಟ್ಟು ಹಿಡಿದು ಮೇಲೆತ್ತುತ್ತಾನೆ. ಆಮೇಲೆ ಕೂತು ನಾಲ್ಕು ಮಾತಾಡಿ ಸಾಯುತ್ತಾನೆ. ಚಿತ್ರಕಥೆಯಲ್ಲಿ ಉದ್ದವಾಗಿದ್ದ ಆ ಮಾತನ್ನು ನಟ ರುಟ್ಗರ್ ಹಾವರ್ ತಾನೇ ಕತ್ತರಿಸಿ, ಮಳೆಯಲ್ಲಿ ಕಣ್ಣೀರಿನ ಸಾಲು ಸೇರಿಸಿದ್ದು ಅಂತ ನೀವೂ ಬರೆದಿದ್ದೀರಿ. ಆ ಭಾಗ ಚೆನ್ನಾಗಿದೆ.

ಡೆಕಾರ್ಡ್ ಮನುಷ್ಯನಾದರೆ ಇಲ್ಲಿ ಆಗುವುದು ಏನು? ಬೇಟೆಯಾಡಿಸಿಕೊಂಡವನು ಬೇಟೆಗಾರನನ್ನು ಉಳಿಸುತ್ತಾನೆ. ಆಮೆಯ ಪ್ರಶ್ನೆಗೆ ಅವನು ಕೈಯಾರೆ ಉತ್ತರ ಕೊಡುತ್ತಾನೆ, ಪರೀಕ್ಷೆ ಮಾಡುವವನ ಎದುರಿಗೇ. ಡೆಕಾರ್ಡ್ ರೆಪ್ಲಿಕಂಟ್ ಆದರೆ ಒಬ್ಬ ಜೀತದಾಳು ಇನ್ನೊಬ್ಬ ಜೀತದಾಳನ್ನು ಉಳಿಸಿದ ಹಾಗಾಗುತ್ತದೆ. ಜೀತದಾಳನ್ನು ಕೊಲ್ಲಲು ಜೀತದಾಳನ್ನೇ ಕಳಿಸಿ, ಅದನ್ನು ಅವನಿಗೂ ಹೇಳದೆ ಇಟ್ಟರು ಅನ್ನುವ ಕಥೆ. ಅದೂ ಸಣ್ಣದಲ್ಲ, ಮೊದಲನೆಯದಕ್ಕಿಂತ ಕ್ರೂರ. ನನಗೆ ಮೊದಲನೆಯದೇ ಜಾಸ್ತಿ ಹಿಡಿಸುತ್ತದೆ. ಮಾಳಿಗೆಯ ದೃಶ್ಯಕ್ಕಾಗಿ ನಾನು ಯೂನಿಕಾರ್ನನ್ನು ಬಿಟ್ಟುಕೊಡಲು ತಯಾರು. 1992ರ ಕನಸು ಇಡೀ ಸಿನಿಮಾವನ್ನು ಒಂದು ಒಗಟಿನ ಮಟ್ಟಕ್ಕೆ ಇಳಿಸಿತು ಅನ್ನುವುದು ನನ್ನ ಅಭಿಪ್ರಾಯ. ನೀವು ಒಪ್ಪಬೇಕಾಗಿಲ್ಲ. ಡೆಕಾರ್ಡ್ ರೆಪ್ಲಿಕಂಟೇ ಅಂತ ಜಗಳಕ್ಕೆ ನಿಂತರೆ ನನಗೆ ಇನ್ನೂ ಖುಷಿ, ಅದನ್ನೇ ಅಚ್ಚು ಹಾಕುತ್ತೇನೆ. ಆದರೆ ಹಾಗಂದರೆ ಮಾಳಿಗೆಯಲ್ಲಿ ಏನು ಕಳೆದುಹೋಗುತ್ತದೆ, ಅದು ಹೋದರೂ ಪರವಾಗಿಲ್ಲ ಯಾಕೆ ಅಂತಲೂ ನೀವೇ ಹೇಳಬೇಕು.

ಸಣ್ಣಪುಟ್ಟದ್ದು. ‘ಕಾಲಾತೀತ ದೃಶ್ಯಕಾವ್ಯ’, ‘ಮಾನವೀಯತೆಯ ಅನಾವರಣ’ ಇಂಥವನ್ನೆಲ್ಲ ಹೊಡೆದುಹಾಕಿದ್ದೇನೆ. ರೇಷ್ಮೆ ಬಗ್ಗೆ ನೀವು ಬರೆಯುವ ಕನ್ನಡ ಚೆನ್ನಾಗಿದೆ, ಸಿನಿಮಾ ಬಗ್ಗೆ ಬರೆಯುವಾಗ ಯಾಕೋ ಭಾಷಣಕಾರರಾಗುತ್ತೀರಿ. ರಾಯ್ ಬಟ್ಟಿ, ಬ್ಯಾಟಿ, ಬೆಟ್ಟಿ ಅಂತ ಮೂರು ಥರ ಬರೆದಿದ್ದೀರಿ, ಒಂದನ್ನು ಇಟ್ಟುಕೊಳ್ಳಿ. ಸಿನಿಮಾದ ಕಥೆ ನಡೆಯುವುದು 2019ರ ಲಾಸ್ ಏಂಜಲೀಸ್‌ನಲ್ಲಿ, 2049 ಅಲ್ಲ. ಅದು ಮುಂದಿನ ಸಿನಿಮಾ.

ಆರು ಪುಟದೊಳಗೆ ತನ್ನಿ. ಯಾವ ಆವೃತ್ತಿ ನೋಡಿದ್ದು ಅಂತ ಮೊದಲ ಪುಟದಲ್ಲೇ ಹೇಳಿ. ದೀಪಾವಳಿ ವಿಶೇಷಾಂಕದ ಪುಟ ತುಂಬಿಹೋಗಿದೆ, ಅದರ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಹೋದ ಸಲ ನಿಮ್ಮ ಫೈಲಿನ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿ ಡಿಟಿಪಿ ಹುಡುಗ ನನ್ನ ಮೇಲೆ ರೇಗಾಡಿದ.

ಇಂತಿ,
ಸಂಪಾದಕ