ಕೊಡಗಿನ ಹಾಕಿ ಹುಡುಗರು ‘ಫೇರ್ ಪ್ಲೇ’ಯನ್ನು ಹೇಗೆ ನೋಡ್ತಾರೆ?

ಪೊನ್ನಂಪೇಟೆ ಕಡೆ ಶಾಲಾ ಹುಡುಗರ ಪಂದ್ಯಗಳಿಗೆ ಆಗಾಗ ಅಂಪೈರ್ ಆಗಿ ನಿಲ್ಲುವವನು ನಾನು. ಕಂಡದ್ದನ್ನ ಹೇಳ್ತೀನಿ. ಮೋಸ ತಪ್ಪು ಅಂತ ಎಲ್ಲರಿಗೂ ಗೊತ್ತು. ಯಾವುದು ಮೋಸ ಅನ್ನೋದರಲ್ಲಿ ಮಾತ್ರ ಅವರ ಲೆಕ್ಕ ಬೇರೆ. ಎದುರಾಳಿಯ ಕಾಲಿಗೆ ಸ್ಟಿಕ್ ಬೀಸಿದರೆ ಮೋಸ. ಅಂಪೈರ್ ಕಣ್ಣಿಗೆ ಬೀಳದ ‘ಫೂಟ್’ (ಚೆಂಡು ಕಾಲಿಗೆ ತಗುಲಿದ ತಪ್ಪು) ಮುಚ್ಚಿಟ್ಟರೆ ಜಾಣತನ.

ಕಳೆದ ಮಳೆಗಾಲ, ಕೆಸರು ಮೈದಾನ. ಡಿ (ಗೋಲಿನ ಮುಂದಿನ ಅರೆವೃತ್ತ) ಒಳಗೆ ಚೆಂಡು ಡಿಫೆಂಡರ್ ಶೂಗೆ ತಗುಲಿತ್ತು, ಎದುರಾಳಿಗೆ ಪೆನಾಲ್ಟಿ ಕಾರ್ನರ್ (ಗೋಲು ಹೊಡೆಯೋಕೆ ಸಿಗೋ ಅವಕಾಶ) ಆಗಬೇಕಿತ್ತು. ಇಬ್ಬರು ಅಡ್ಡ ನಿಂತಿದ್ದರು, ನನಗೆ ಕಾಣಲಿಲ್ಲ. ಆಮೇಲೆ ಕೇಳಿದರೆ ಆ ಹುಡುಗ, “ವಿಸಿಲ್ ಊದೋದು ನಿಮ್ಮ ಕೆಲಸ ಅಲ್ವಾ ಸರ್?” ಅಂದ. ನನಗೆ ಉತ್ತರ ತೋಚಲಿಲ್ಲ. ಟಿವಿ ಹಾಕಿಯಲ್ಲಿ ವಿಡಿಯೋ ರೆಫರಲ್ ಇದೆ, ಇಲ್ಲಿ ಇರೋದು ನನ್ನ ಎರಡು ಕಣ್ಣು.

ಕಾರ್ಡಿನ ಭಯ ಸ್ವಲ್ಪ ಕೆಲಸ ಮಾಡುತ್ತೆ: ಹಸಿರಿಗೆ 2 ನಿಮಿಷ ಹೊರಗೆ, ಹಳದಿಗೆ ಕನಿಷ್ಠ 5, ಕೆಂಪಿಗೆ ಆಟವೇ ಮುಗೀತು. ಅದಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸೋದು ಮನೆತನದ ಹೆಸರು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ತಂಡ ಅಂದರೆ ಒಕ್ಕ, ಅಂದರೆ ಒಂದೇ ಮನೆತನದವರು. ಶಾಲೆ ಪಂದ್ಯದಲ್ಲಿ ನನ್ನ ಮೇಲೇ ಏರಿ ಬರುವವನು ಅಲ್ಲಿ, ಅಜ್ಜ ಗ್ಯಾಲರಿಯಲ್ಲಿ ಕೂತಿದ್ದಾರೆ ಅಂತ, ಬಾಯಿ ಮುಚ್ಚಿ ಆಡ್ತಾನೆ. (ಎಲ್ಲರೂ ಅಲ್ಲ, ಅಲ್ಲೂ ಬಿಸಿ ಏರುತ್ತೆ.)

ಈಗ ಅಭ್ಯಾಸ ಪಂದ್ಯದಲ್ಲಿ ವಿಸಿಲನ್ನ ಅವರ ಕೈಗೇ ಕೊಡ್ತೀನಿ. ಹಾಗೆ ಹತ್ತು ನಿಮಿಷ ಬೈಗುಳ ತಿಂದವನೊಬ್ಬ ಮುಂದಿನ ವಾರ ತಾನೇ ಕೈ ಎತ್ತಿ “ಫೂಟ್ ಸರ್” ಅಂದ. ಇದುವರೆಗೆ ಒಬ್ಬನೇ.